ಸೋಪಾನದೇವರ ದಾರಿ: ಪಾಲಕಿಗಳಿಲ್ಲದ ದಿನಗಳಲ್ಲಿ ಪಂಢರಪುರಕ್ಕೆ ನಡೆಯುವ ಸಿದ್ಧತೆ

(ಪುಣೆಯಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಸಭಿಕರೇ,

ಪುಣೆಯಲ್ಲಿ ನೆಲೆಸಿರುವವರಿಗೆ ಪಂಢರಪುರದ ವಿಠ್ಠಲನ ದರ್ಶನಕ್ಕೆ ನಡೆದು ಹೋಗುವ ಆಷಾಢದ ವಾರಿ ಹೇಗಿರುತ್ತದೆಂದು ಬಣ್ಣಿಸಬೇಕಾಗಿಲ್ಲ. ಸಂತರ ಪಾದುಕೆಗಳನ್ನು ಹೊತ್ತು ಆಳಂದಿಯಿಂದ ಜ್ಞಾನೇಶ್ವರರ ಪಾಲಕಿಯೂ ದೇಹೂವಿನಿಂದ ತುಕಾರಾಮರ ಪಾಲಕಿಯೂ ಬಂದು ನಗರದಲ್ಲಿ ತಂಗುವ ದಿನಗಳಲ್ಲಿ ನಮ್ಮಲ್ಲಿ ಹಲವರು ಬೀದಿಗಿಳಿದು ವಾರಕರಿಗಳಿಗೆ ನೀರು, ಚಹಾ ಕೊಟ್ಟವರೇ. ದಿವೆ ಘಾಟಿನ ನೆತ್ತಿಯವರೆಗೆ ಜೊತೆಯಾಗಿ ನಡೆದು ಬಸ್ಸು ಹಿಡಿದು ಮರಳಿದವರೂ ಇಲ್ಲಿ ಕುಳಿತಿದ್ದಾರೆ. ಇಂದು ನಾನು ಹೇಳಹೊರಟಿರುವುದು ಆ ಜನಸಾಗರದ ನಡಿಗೆಯನ್ನಲ್ಲ. ಇಬ್ಬರೋ ನಾಲ್ವರೋ ಸೇರಿಕೊಂಡು, ಪಾಲಕಿಯಾಗಲಿ ಭಜನೆಯ ತಂಡಗಳಾಗಲಿ ಇಲ್ಲದ ದಿನಗಳಲ್ಲಿ, ಹೆಚ್ಚು ಹೆಸರಾಗದ ಒಂದು ಪಾಲಕಿಯ ದಾರಿಯನ್ನು ಹಿಡಿದು ಪಂಢರಪುರದವರೆಗೆ ನಡೆಯಬೇಕೆಂದರೆ ಮುಂಚಿತವಾಗಿ ಏನೇನು ಯೋಚಿಸಬೇಕು ಎಂಬುದಷ್ಟೇ ಇಂದಿನ ವಿಷಯ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಇಂಥ ನಡಿಗೆಯನ್ನು ವಾರಿಯೆಂದು ಕರೆದುಕೊಳ್ಳುವುದು ಸರಿಯಲ್ಲ. ಕೊರಳಲ್ಲಿ ತುಳಸಿಮಾಲೆ ಧರಿಸಿ, ವರ್ಷವರ್ಷವೂ ತಪ್ಪದೆ ಪಂಢರಪುರಕ್ಕೆ ಹೋಗುವ ವ್ರತ ತೊಟ್ಟವರು ವಾರಕರಿಗಳು. ಅವರ ಪಾಲಿಗೆ ಹೋಗುವುದೂ ಬಿಡುವುದೂ ಆಯ್ಕೆಯ ಮಾತಲ್ಲ. ನಮ್ಮದು ಅನುಕೂಲ ನೋಡಿ ಹೊರಡುವ ಪಾದಯಾತ್ರೆ. ದಾರಿಯಲ್ಲಿ ಯಾರಾದರೂ ಕೇಳಿದರೆ ಹಾಗೆಯೇ ಹೇಳುವುದು ಲೇಸು, ಏಕೆಂದರೆ ಆ ಸೀಮೆಯ ಜನರಿಗೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತು.

ಆಷಾಢದಲ್ಲಿ ಒಮ್ಮೆ ನಡೆದುಬಂದವರಿಗೆ ದಾರಿ ತಮಗೆ ತಿಳಿದಿದೆ ಎಂಬ ಭರವಸೆ ಇರುತ್ತದೆ. ಆದರೆ ವಾರಿಯಲ್ಲಿ ನಡೆಯುವವನ ಹೊರೆಯನ್ನು ಹೊರುವ ವ್ಯವಸ್ಥೆಯೇ ಬೇರೆ. ದಿಂಡಿಗೆ, ಅಂದರೆ ಒಟ್ಟಾಗಿ ನಡೆಯುವ ವಾರಕರಿಗಳ ತಂಡಕ್ಕೆ, ತನ್ನದೇ ಲಾರಿ ಇರುತ್ತದೆ. ಹಾಸಿಗೆ, ಪಾತ್ರೆ, ದಿನಸಿ ಎಲ್ಲವೂ ಅದರಲ್ಲಿ ಮುಂದೆ ಹೋಗಿ, ನಾವು ಮುಕ್ಕಾಮು ತಲುಪುವ ಹೊತ್ತಿಗೆ ಡೇರೆ ಎದ್ದು ಅಡಿಗೆಯೂ ಆಗಿರುತ್ತದೆ. ನೀರಿನ ಟ್ಯಾಂಕರುಗಳು, ವೈದ್ಯರು, ವಾಹನಗಳನ್ನು ತಡೆದು ದಾರಿ ಬಿಡಿಸುವ ಪೊಲೀಸರು, ಹಣ್ಣು ಹಂಚಲು ಕಾದು ನಿಂತ ಊರವರು, ಇವರೆಲ್ಲ ಸೇರಿ ರಸ್ತೆಯನ್ನು ಕೆಲವು ದಿನಗಳ ಮಟ್ಟಿಗೆ ಮನೆಯಂಗಳವನ್ನಾಗಿ ಮಾಡುತ್ತಾರೆ. ಪಾಲಕಿ ಮುಂದಕ್ಕೆ ಹೋದ ಮರುದಿನ ಅದೇ ಜಾಗದಲ್ಲಿ ಉಳಿಯುವುದು ಬರೀ ರಸ್ತೆ. ಆದುದರಿಂದ ವಾರಿಯ ಹೊತ್ತಿಗೆ ದಿನಪತ್ರಿಕೆಯಲ್ಲಿ ಅಚ್ಚಾಗುವ ಮುಕ್ಕಾಮುಗಳ ಪಟ್ಟಿಯನ್ನು ಕತ್ತರಿಸಿಟ್ಟುಕೊಂಡು ಡಿಸೆಂಬರಿನಲ್ಲಿ ಅದರಂತೆ ನಡೆಯಹೊರಡುವುದು ಯೋಜನೆಯಾಗಲಾರದು. ಆ ಮುಕ್ಕಾಮುಗಳನ್ನು ನಿಶ್ಚಯಿಸಿದವರು ಸಾವಿರಾರು ಜನ ಇಳಿದುಕೊಳ್ಳುವಷ್ಟು ಬಯಲು, ಊರೂರಿನ ಮಾನಮರ್ಯಾದೆ, ಏಕಾದಶಿಯ ಲೆಕ್ಕ ಇವನ್ನು ನೋಡಿ ನಿಶ್ಚಯಿಸಿದರೇ ಹೊರತು ಬೆನ್ನಿಗೆ ಚೀಲ ಹಾಕಿಕೊಂಡ ಇಬ್ಬರ ಕಾಲಿನ ಶಕ್ತಿಯನ್ನು ನೋಡಿ ಅಲ್ಲ.

ಇನ್ನು ದಾರಿಯ ಆಯ್ಕೆ. ತುಕಾರಾಮರ ಕಿರಿಯ ಮಗ ನಾರಾಯಣ ಮಹಾರಾಜರು 1685ರಲ್ಲಿ ಪಾಲಕಿಯ ಪದ್ಧತಿಯನ್ನು ಆರಂಭಿಸಿದರು. ಸಾತಾರಾ ಸೀಮೆಯ ಆರಫಳದ ಹೈಬತರಾವ್ ಬಾಬಾ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಜ್ಞಾನೇಶ್ವರರ ಪಾಲಕಿಯನ್ನು ಬೇರೆಯಾಗಿ ಹೊರಡಿಸಿ, ದಿಂಡಿಗಳ ಇಂದಿನ ಕ್ರಮವನ್ನು ರೂಪಿಸಿದರು. ಈ ಎರಡು ದಾರಿಗಳು ಈಗ ರಾಷ್ಟ್ರೀಯ ಹೆದ್ದಾರಿಗಳಾಗಿವೆ. ಜ್ಞಾನೇಶ್ವರರ ದಾರಿಯನ್ನು ದಿವೆ ಘಾಟಿನಿಂದ ಮೋಹೋಳದವರೆಗೆ ಸುಮಾರು 221 ಕಿ.ಮೀ., ತುಕಾರಾಮರ ದಾರಿಯನ್ನು ಪಾಟಸದಿಂದ ತೊಂಡಲೆ-ಬೊಂಡಲೆಯವರೆಗೆ ಸುಮಾರು 130 ಕಿ.ಮೀ. ಚತುಷ್ಪಥವಾಗಿಸುವ ಕಾಮಗಾರಿಗೆ 2021ರ ನವೆಂಬರ್ 8ರಂದು ಪ್ರಧಾನಿಯವರು ಶಂಕುಸ್ಥಾಪನೆ ಮಾಡಿದರು. ಇಕ್ಕೆಲದಲ್ಲೂ ಪಾದಚಾರಿಗಳಿಗೆಂದೇ ಪ್ರತ್ಯೇಕ ಹಾದಿ ಈ ಯೋಜನೆಯಲ್ಲಿದೆ, ಮತ್ತು ವಾರಿಯ ದಟ್ಟಣೆಯನ್ನು ಕಂಡವರು ಅದು ಬೇಕಾಗಿಯೇ ಇತ್ತೆಂದು ಒಪ್ಪುತ್ತಾರೆ. ಆದರೆ ಒಂಟಿ ನಡಿಗೆಯವನಿಗೆ ಅಗಲವಾದ ರಸ್ತೆಯೆಂದರೆ ನೆರಳಿಲ್ಲದ ರಸ್ತೆ. ಹಳೆಯ ಆಲ, ಬೇವು, ಹುಣಿಸೆಗಳು ಹೋದ ಕಡೆ ಹೊಸ ಸಸಿಗಳು ನೆರಳು ಕೊಡುವಷ್ಟು ಬೆಳೆಯಲು ಇನ್ನೂ ಬಹಳ ವರ್ಷ ಬೇಕು. ಲೋಣಂದ, ಫಲಟಣ, ನಾತೇಪುತೆ, ಮಾಳಶಿರಸಗಳ ಮೂಲಕ ಹೋಗುವ ಜ್ಞಾನೇಶ್ವರರ ಪಾಲಕಿಯ ದಾರಿಯನ್ನು ನಾನು ಶಿಫಾರಸು ಮಾಡದಿರುವುದಕ್ಕೆ ಇದೇ ಮುಖ್ಯ ಕಾರಣ.

ನನ್ನ ಆಯ್ಕೆ ದಿವೆ ಘಾಟಿನ ಆಚೆಯ ಸಾಸವಡದಿಂದ ಹೊರಡುವ ಸೋಪಾನದೇವರ ಪಾಲಕಿಯ ದಾರಿ. ನಿವೃತ್ತಿನಾಥ, ಜ್ಞಾನೇಶ್ವರ, ಸೋಪಾನದೇವ, ಮುಕ್ತಾಬಾಯಿ ಎಂಬ ನಾಲ್ವರು ಒಡಹುಟ್ಟಿದವರಲ್ಲಿ ಸೋಪಾನದೇವರು ಮೂರನೆಯವರು. 1296ರಲ್ಲಿ ಕಾರ್ತಿಕ ಬಹುಳ ತ್ರಯೋದಶಿಯಂದು ಜ್ಞಾನೇಶ್ವರರು ಆಳಂದಿಯಲ್ಲಿ ಸಮಾಧಿಸ್ಥರಾದರು. ಸರಿಯಾಗಿ ಒಂದು ತಿಂಗಳಿಗೆ, ಮಾರ್ಗಶಿರ ಬಹುಳ ತ್ರಯೋದಶಿಯಂದು, ಸೋಪಾನದೇವರು ಸಾಸವಡದಲ್ಲಿ ಕರ್ಹಾ ನದಿಯ ದಡದಲ್ಲಿ ಸಮಾಧಿ ಹೊಂದಿದರು. ಅಣ್ಣನ ಪಾಲಕಿ ಸಾಸವಡಕ್ಕೆ ಬಂದು ತಂಗುವಾಗ ಸೇರುವ ಜನ ತಮ್ಮನ ಪಾಲಕಿಯ ಹಿಂದೆ ಹೋಗುವುದಿಲ್ಲ. ಆ ಪಾಲಕಿ ಪಾಂಗಾರೆ, ಮಾಂಡಕಿ, ನಿಂಬೂತ, ಸೋಮೇಶ್ವರನಗರ, ಕೋರ್ಹಾಳೆ, ಬಾರಾಮತಿ, ಲಾಸುರ್ಣೆ, ನಿರವಾಂಗಿ, ಅಕಲೂಜಗಳ ಮೂಲಕ ಹೆಚ್ಚಾಗಿ ಹಳ್ಳಿಗಳ ಒಳದಾರಿಯಲ್ಲಿ ಸಾಗಿ, ಬೊಂಡಲೆಯ ಬಳಿ ಹೆದ್ದಾರಿಯ ಜನಪ್ರವಾಹಕ್ಕೆ ಸೇರುತ್ತದೆ. ಸಾಸವಡದಿಂದ ಪಂಢರಪುರಕ್ಕೆ ಈ ದಾರಿಯಲ್ಲಿ ಇನ್ನೂರು ಕಿ.ಮೀ. ಒಳಗೇ ಆಗುತ್ತದೆ. ದಿನಕ್ಕೆ ಹದಿನೈದರಿಂದ ಇಪ್ಪತ್ತು ಕಿ.ಮೀ. ನಡೆದರೆ ಹತ್ತು ಹನ್ನೆರಡು ದಿನಗಳ ರಜೆ ಸಾಕು, ಅದರಲ್ಲಿ ಒಂದು ದಿನ ಕಾಲಿಗೆ ವಿಶ್ರಾಂತಿಯೂ ಸಿಗಬೇಕು.

ಈ ದಾರಿಯ ಗುಣ ಭೂಪಟದಲ್ಲಿ ನದಿಗಳನ್ನು ನೋಡಿದಾಗ ತಿಳಿಯುತ್ತದೆ. ಸಾಸವಡದ ಕರ್ಹಾ ನದಿ ನಮ್ಮಿಂದ ಬೇರೆಯಾಗಿ ಜೇಜುರಿಯ ಕಡೆಗೆ ಹರಿದು, ಬಾರಾಮತಿಯಲ್ಲಿ ಮತ್ತೆ ಎದುರಾಗುತ್ತದೆ. ಆಮೇಲೆ ಸೋನಗಾಂವದ ಬಳಿ ನೀರಾ ನದಿಯನ್ನು ಸೇರುತ್ತದೆ. ಆ ನೀರಾ ಪುಣೆ ಮತ್ತು ಸೋಲಾಪುರ ಜಿಲ್ಲೆಗಳ ಗಡಿಯಾಗಿ ಹರಿದು ನರಸಿಂಹಪುರದಲ್ಲಿ ಭೀಮೆಯೊಡನೆ ಕೂಡುತ್ತದೆ. ಭೀಮೆಯೇ ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಂಡು, ಅಲ್ಲಿಂದ ಕಲಬುರಗಿ ಜಿಲ್ಲೆಯ ಗಾಣಗಾಪುರವನ್ನು ಹಾಯ್ದು ಕೃಷ್ಣೆಗೆ ಹೋಗುತ್ತದೆ. ಅಂದರೆ ಘಾಟು ಹತ್ತಿ ಸಾಸವಡ ತಲುಪಿದ ಮೇಲೆ ನಾವು ನೀರು ಇಳಿಯುವ ದಿಕ್ಕಿನಲ್ಲೇ ಇಳಿಯುತ್ತಿರುತ್ತೇವೆ. ಏರು ಕಡಿಮೆ, ಊರುಗಳು ನೀರಿನ ಆಸರೆಯಲ್ಲೇ ಹುಟ್ಟಿಕೊಂಡಿರುವುದರಿಂದ ಒಂದರಿಂದ ಒಂದಕ್ಕೆ ಅಂತರವೂ ಕಡಿಮೆ. ಇದು ಮಳೆನೆರಳಿನ ಸೀಮೆಯೆಂಬುದನ್ನು ನೆನೆದರೆ ಈ ಮಾತಿನ ಬೆಲೆ ತಿಳಿಯುತ್ತದೆ. ನಿಂಬೂತದಿಂದ ಮುಂದಕ್ಕೆ ನೀರಾ ಎಡದಂಡೆ ಕಾಲುವೆಯ ನೀರಾವರಿ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೋಡಿದ ಈ ಕಾಲುವೆಯಿಂದಾಗಿಯೇ ಬಾರಾಮತಿ, ಇಂದಾಪುರ ತಾಲೂಕುಗಳು ಕಬ್ಬಿನ ನಾಡಾದವು. ಕಾಲುವೆಯ ಏರಿಯ ಮೇಲಿನ ಮಣ್ಣಿನ ದಾರಿ ಸಿಕ್ಕ ಕಡೆಯೆಲ್ಲ ಡಾಂಬರಿನ ರಸ್ತೆಯನ್ನು ಬಿಟ್ಟು ಅದನ್ನೇ ಹಿಡಿಯಬೇಕು. ಮೊಬೈಲಿನ ನಕ್ಷೆ ಅದನ್ನು ತೋರಿಸದೆ ಹೆದ್ದಾರಿಗೇ ಎಳೆಯುತ್ತದೆ. ಹೊಲದಲ್ಲಿ ಕೆಲಸ ಮಾಡುವವರನ್ನು ಕೇಳಿದರೆ ದಾರಿ ಸಿಗುತ್ತದೆ, ಜೊತೆಗೆ ಎರಡು ಕಬ್ಬಿನ ಗಣೆಯೂ ಸಿಗುವುದುಂಟು.

ಕಾಲವನ್ನು ಆರಿಸುವಾಗ ಹವೆಯನ್ನೂ ಪಂಚಾಂಗವನ್ನೂ ಒಟ್ಟಿಗೆ ನೋಡಬೇಕು. ಚೈತ್ರ, ಆಷಾಢ, ಕಾರ್ತಿಕ, ಮಾಘ ಮಾಸಗಳ ಶುಕ್ಲ ಏಕಾದಶಿಗಳಿಗೆ ಪಂಢರಪುರದಲ್ಲಿ ನಾಲ್ಕು ದೊಡ್ಡ ಯಾತ್ರೆಗಳು ಸೇರುತ್ತವೆ. ಚೈತ್ರದಿಂದ ಮುಂದಕ್ಕೆ ಮಾಳಶಿರಸ, ಪಂಢರಪುರ ತಾಲೂಕುಗಳಲ್ಲಿ ಬಿಸಿಲು ನಾಲ್ವತ್ತು ಡಿಗ್ರಿ ದಾಟುತ್ತದೆ. ಆಗ ಹೊರಡುವುದನ್ನು ನಾನು ಭಕ್ತಿಯೆನ್ನಲಾರೆ. ಕಾರ್ತಿಕದ ಯಾತ್ರೆ ಚದುರಿದ ಮೇಲೆ, ಮಾಘದ ಯಾತ್ರೆ ಕೂಡುವ ಮೊದಲು, ಸರಿಸುಮಾರು ಡಿಸೆಂಬರ್ ಆರಂಭದಿಂದ ಜನವರಿ ನಡುವಿನವರೆಗಿನ ಅವಧಿ ನಡಿಗೆಗೆ ಎಲ್ಲಕ್ಕಿಂತ ಉತ್ತಮ. ಈ ನಡುವೆಯೂ ಕೆಲವು ತಿಥಿಗಳನ್ನು ಗುರುತು ಹಾಕಿಕೊಳ್ಳಬೇಕು. ಮಾರ್ಗಶಿರ ಶುದ್ಧ ಷಷ್ಠಿ ಚಂಪಾಷಷ್ಠಿ. ಅಂದು ಖಂಡೋಬನ ಕ್ಷೇತ್ರವಾದ ಜೇಜುರಿ ಜನರಿಂದ ತುಂಬಿರುತ್ತದೆ, ಸಾಸವಡದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೋಪಾನದೇವರ ಸಮಾಧಿಯ ಉತ್ಸವ ನಡೆಯುವ ಮಾರ್ಗಶಿರ ಬಹುಳದ ಕೊನೆಯ ದಿನಗಳಲ್ಲಿ ಸಾಸವಡದಲ್ಲಿ ಇಳಿದುಕೊಳ್ಳಲು ಜಾಗ ಸಿಗುವುದು ಕಷ್ಟ. ಕೀರ್ತನೆ ಕೇಳಬೇಕೆಂಬ ಆಸೆಯಿದ್ದರೆ ಮಾತ್ರ ಬೇಕೆಂದೇ ಆ ದಿನಗಳನ್ನು ಹಿಡಿಯಬಹುದು. ಇನ್ನು ಪ್ರತಿ ಏಕಾದಶಿಗೂ ಪಂಢರಪುರದಲ್ಲಿ ಜನ ಸೇರುತ್ತಾರೆ. ಆದುದರಿಂದ ಲೆಕ್ಕವನ್ನು ಹಿಂದುಮುಂದಾಗಿ ಹಾಕಬೇಕು: ತಲುಪುವ ದಿನ ಏಕಾದಶಿಯೂ ಆಗಿರಬಾರದು, ಭಾನುವಾರವೂ ಆಗಿರಬಾರದು ಎಂದು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೊರಡುವ ದಿನಕ್ಕೆ ಬರಬೇಕು. ಮರಾಠಿಯವರದ್ದೂ ನಮ್ಮದೂ ಅಮಾವಾಸ್ಯೆಗೆ ಮುಗಿಯುವ ಮಾಸಗಳೇ ಆದ್ದರಿಂದ ಮನೆಯಲ್ಲಿ ತೂಗುಹಾಕಿರುವ ಕನ್ನಡ ಪಂಚಾಂಗವೇ ಇದಕ್ಕೆ ಸಾಕು.

ಪುಣೆಯಿಂದಲೇ ನಡೆದು ಹೊರಡಬೇಕೇ ಎಂಬ ಪ್ರಶ್ನೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಬೇಡ. ಹಡಪಸರದಿಂದ ದಿವೆ ಘಾಟಿನವರೆಗಿನ ಹೊಗೆ, ಧೂಳುಗಳನ್ನು ಕುಡಿಯುವುದರಲ್ಲಿ ಪುಣ್ಯವೇನೂ ಇಲ್ಲ. ಕೊಂಢವಾದ ಕಡೆಯಿಂದ ಬೋಪದೇವ ಘಾಟಿನ ಮೇಲೆ ಹೋಗುವ ದಾರಿ ಚಿಕ್ಕದಾದರೂ ಕಡಿದು, ಒಂಟಿಯಾಗಿ ಹೋಗತಕ್ಕದ್ದಲ್ಲ. ಬಸ್ಸಿನಲ್ಲಿ ಸಾಸವಡಕ್ಕೆ ಹೋಗಿ ಸಂಜೆ ಸಮಾಧಿ ಮಂದಿರದ ದರ್ಶನ ಮಾಡಿ, ಅಲ್ಲಿಯೇ ತಂಗಿ, ಮರುದಿನ ಬೆಳಿಗ್ಗೆ ಹೊರಡುವುದು ಒಳ್ಳೆಯದು. ಪಾಂಗಾರೆಯ ದಾರಿಯಲ್ಲಿ ಜೇಜುರಿ ಎಡಕ್ಕೆ ಉಳಿದುಬಿಡುತ್ತದೆ. ಅಲ್ಲಿನ ಖಂಡೋಬ ನಮ್ಮ ಮೈಲಾರಲಿಂಗನೇ ಆದ್ದರಿಂದ ಮನೆದೇವರ ಒಕ್ಕಲಿನವರಿಗೆ ಅವನನ್ನು ಬಿಟ್ಟು ಮುಂದೆ ಹೋಗುವುದು ಮನಸ್ಸಿಗೆ ಒಪ್ಪಲಿಕ್ಕಿಲ್ಲ. ಅಂಥವರು ಒಂದು ದಿನ ಮೊದಲೇ ಬಂದು, ಸಾಸವಡದಿಂದ ಬಸ್ಸಿನಲ್ಲಿ ಜೇಜುರಿಗೆ ಹೋಗಿ, ಭಂಡಾರ ಹಚ್ಚಿಸಿಕೊಂಡು ಮರಳಿದರೆ ನಡಿಗೆಯ ಕ್ರಮ ಕೆಡುವುದಿಲ್ಲ.

ಚಳಿಗಾಲವನ್ನು ಆರಿಸಿಕೊಂಡವರು ಎದುರಿಸಬೇಕಾದ ಅಪಾಯ ಒಂದೇ ಒಂದು, ಆದರೆ ಅದು ಸಣ್ಣದಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ಆರಂಭಿಸಿ ಬೇಸಗೆಯ ಬಾಗಿಲಿನವರೆಗೆ ಅರೆಯುತ್ತವೆ. ಸೋಮೇಶ್ವರನಗರದಲ್ಲಿ ಒಂದು, ಬಾರಾಮತಿಯ ಪಕ್ಕದ ಮಾಳೆಗಾಂವದಲ್ಲಿ ಒಂದು, ಭವಾನಿನಗರದಲ್ಲಿ ಒಂದು, ಅಕಲೂಜದಲ್ಲಿ ಒಂದು, ಹೀಗೆ ನಮ್ಮ ದಾರಿಯುದ್ದಕ್ಕೂ ಕಾರ್ಖಾನೆಗಳಿವೆ. ಎರಡೆರಡು ಟ್ರಾಲಿಗಳನ್ನು ಜೋಡಿಸಿಕೊಂಡ ಟ್ರ್ಯಾಕ್ಟರು, ಎರಡೂ ಬದಿಗೆ ಚಾಚಿಕೊಂಡ ಕಬ್ಬು, ಹಿಂದಿನ ದೀಪದ ಸುಳಿವಿಲ್ಲ, ಚಾಲಕನ ಕಿವಿಗೆ ಬೀಳುವುದು ತಾನು ಹಾಕಿಕೊಂಡ ಹಾಡು ಮಾತ್ರ. ಇದರ ಮುಂದೆ ಭಕ್ತಿಯೂ ಬಲವೂ ಕೆಲಸಕ್ಕೆ ಬಾರವು. ಎದುರಿಗೆ ಬರುವ ವಾಹನ ಕಣ್ಣಿಗೆ ಕಾಣುವಂತೆ ಯಾವಾಗಲೂ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ವಾರಕರಿಗಳು ನಸುಕಿನ ಮೂರು ಗಂಟೆಗೇ ಹೊರಡುತ್ತಾರೆಂದು ನಾವೂ ಹಾಗೆ ಮಾಡುವುದು ಸಲ್ಲದು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳರ ಹೊತ್ತಿಗೆ, ಅಲ್ಲಿಯವರೆಗೆ ಚಹಾ ಕುಡಿಯುತ್ತ ಕುಳಿತರೆ ನಷ್ಟವೇನಿಲ್ಲ. ಬೆಳಕು ಹರಿದ ಮೇಲೆ ಹೊರಟು, ಹನ್ನೊಂದೂವರೆಗೆ ನಿಂತು, ಬೇಕಿದ್ದರೆ ಮೂರರಿಂದ ಐದರವರೆಗೆ ಇನ್ನೊಂದಿಷ್ಟು ನಡೆದು, ಕತ್ತಲಾಗುವ ಮುನ್ನ ಊರೊಳಗೆ ಇರಬೇಕು. ಕಬ್ಬಿನ ಗದ್ದೆಗಳಲ್ಲಿ ಚಿರತೆ ಅಡಗುವ ಸಂಗತಿ ಜುನ್ನರ ಕಡೆಯವರಿಂದ ನಾವೆಲ್ಲ ಕೇಳಿಯೇ ಇದ್ದೇವೆ. ಮುಸ್ಸಂಜೆಯಲ್ಲಿ ಗದ್ದೆಗಳ ನಡುವಿನ ಒಳದಾರಿ ಬೇಡವೆನ್ನಲು ಅದೂ ಒಂದು ಕಾರಣ.

ತಂಗುವ ವಿಚಾರಕ್ಕೆ ಬರುತ್ತೇನೆ. ನನ್ನನ್ನು ಹೆಚ್ಚು ಮಂದಿ ಕೇಳುವುದೂ ಇದನ್ನೇ. ಸಾಸವಡ, ಬಾರಾಮತಿ, ಅಕಲೂಜಗಳಲ್ಲಿ ಲಾಡ್ಜುಗಳಿವೆ. ಅವುಗಳ ನಡುವಿನ ಊರುಗಳಲ್ಲಿ ನಮಗೆ ಸಿಗಬಹುದಾದದ್ದು ಗುಡಿಯ ಸಭಾಮಂಟಪ, ಪಾಲಕಿಗೆಂದು ಕಟ್ಟಿದ ತಂಗುದಾಣ, ಶಾಲೆಯ ಜಗುಲಿ, ಇಲ್ಲವೇ ಯಾರಾದರೂ ಪುಣ್ಯಾತ್ಮರ ಮನೆಯ ಪಡಸಾಲೆ. ಇವೆಲ್ಲ ಇದ್ದೇ ಇರುತ್ತವೆಂದು ನಂಬಿ ಸಂಜೆ ಹೋಗಿ ನಿಲ್ಲುವುದು ಊರವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತೆ. ಹೊರಡುವುದಕ್ಕೆ ತಿಂಗಳ ಮೊದಲೇ ಒಂದು ಶನಿವಾರ, ಭಾನುವಾರ ಎಸ್‌.ಟಿ. ಬಸ್ಸಿನಲ್ಲಿ ಈ ದಾರಿಯನ್ನು ಸುತ್ತಿಬಂದು, ಊರಿನ ಗುಡಿಯ ಪೂಜಾರಿಯನ್ನೋ ಸರಪಂಚರನ್ನೋ ಪೊಲೀಸ್ ಪಾಟೀಲರನ್ನೋ ಕಂಡು, ನಾವು ಯಾರು, ಎಷ್ಟು ಜನ, ಯಾವ ದಿನ ಬರುತ್ತೇವೆ ಎಂದು ತಿಳಿಸಿ ಫೋನ್ ಸಂಖ್ಯೆ ಪಡೆಯಬೇಕು. ಮರಾಠಿಯಲ್ಲಿ ಬರೆದ ಒಂದು ಪುಟದ ಪತ್ರ, ಆಧಾರ್ ಕಾರ್ಡಿನ ಪ್ರತಿಗಳು ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ಹೆಂಗಸರೇ ಹೊರಡುವ ತಂಡಕ್ಕೆ ಈ ಮೊದಲ ಸುತ್ತು ಇನ್ನೂ ಮುಖ್ಯ, ಏಕೆಂದರೆ ಜಾಗ ಸಿಗುವುದಕ್ಕಿಂತ ಬಾಗಿಲಿಗೆ ಚಿಲಕವಿದೆಯೇ, ಶೌಚಾಲಯ ಎಷ್ಟು ದೂರ, ನೆರೆಯಲ್ಲಿ ಯಾರಿದ್ದಾರೆ ಎಂಬುದನ್ನು ಕಣ್ಣಾರೆ ನೋಡಿ ನಿಶ್ಚಯಿಸಬೇಕಾಗುತ್ತದೆ. ಇಷ್ಟು ಮಾಡಿದವರು ಹೋಗಿ ‘ರಾಮಕೃಷ್ಣ ಹರಿ’ ಎಂದರೆ ‘ಯಾ ಮಾವುಲಿ’ (ಬನ್ನಿ ತಾಯಿ) ಎಂದು ಬಾಗಿಲು ತೆರೆಯುವವರು ಆ ಸೀಮೆಯಲ್ಲಿ ಇಂದಿಗೂ ಕಡಿಮೆಯಿಲ್ಲ. ಊಟಕ್ಕೆ ಕರೆದವರು ಹಣ ಮುಟ್ಟುವುದಿಲ್ಲ. ಬಲವಂತ ಮಾಡದೆ ಗುಡಿಯ ಹುಂಡಿಗೆ ಹಾಕಿ ಬರಬೇಕು. ಝುಣಕಾ, ಸಜ್ಜೆಯ ರೊಟ್ಟಿ, ಹಸಿಮೆಣಸಿನಕಾಯಿಯ ಠೇಚಾ ಎಲ್ಲೆಲ್ಲೂ ಸಿಗುತ್ತವೆ. ವಿಜಾಪುರದ ಕಡೆಯವರಿಗೆ ಜನವರಿಯಲ್ಲಿ ಹೊಲದ ಬದುವಿನ ಮೇಲೆ ಸೀತನಿ (ಎಳೆಯ ಜೋಳದ ತೆನೆ) ಸುಡುವ ವಾಸನೆ ಬಂದರೆ ಆ ದಿನದ ನಡಿಗೆ ಅಲ್ಲಿಗೇ ನಿಲ್ಲುವ ಸಂಭವವಿದೆ. ಯೋಜನೆಯಲ್ಲಿ ಇದಕ್ಕೂ ಅರ್ಧ ದಿನ ಇಟ್ಟುಕೊಳ್ಳಿರಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚೀಲದ ತೂಕ ಮೈತೂಕದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು. ಹೊಸ ಬೂಟು ಹಾಕಿಕೊಂಡು ಹೊರಡಬಾರದು. ಹೊರಡುವ ಮುಂಚಿನ ಆರು ವಾರಗಳಲ್ಲಿ ಅದೇ ಬೂಟಿನಲ್ಲಿ, ಅದೇ ಚೀಲ ಹೊತ್ತು, ವಾರಕ್ಕೊಮ್ಮೆ ಸಿಂಹಗಡವನ್ನು ಹತ್ತಿ ಇಳಿದವರಿಗೆ ಈ ದಾರಿ ಕಷ್ಟವೆನಿಸದು. ರಾತ್ರಿ ಚಳಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುವುದರಿಂದ ಒಂದು ಉಣ್ಣೆಯ ಹೊದಿಕೆ ಬೇಕು. ಕಾಲುವೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಕುಡಿಯಬಾರದು, ಅದರಲ್ಲಿ ಹೊಲಗಳ ಔಷಧಿಯೂ ಕಾರ್ಖಾನೆಗಳ ಕೊಳೆಯೂ ಸೇರಿರಬಹುದು. ನಾಯಿಗಳಿಗಾಗಿ ಒಂದು ಕೋಲು ಇರಲಿ.

ಬಾರಾಮತಿಯವರೆಗೆ ನಾಲ್ಕು ದಿನ ಹಿಡಿಯಬಹುದು. ಹದಿನೆಂಟನೆಯ ಶತಮಾನದ ಮರಾಠಿ ಪಂಡಿತಕವಿ ಮೋರೋಪಂತರು ಬಾಳಿದ ಊರು ಅದು; ವಿಶ್ರಾಂತಿಯ ದಿನವನ್ನು ಅಲ್ಲಿ ಕಳೆಯುವುದು ಅನುಕೂಲ, ಔಷಧಿ ಅಂಗಡಿಗೂ ಚಮ್ಮಾರರಿಗೂ ಅಲ್ಲಿ ಕೊರತೆಯಿಲ್ಲ. ಲಾಸುರ್ಣೆ, ನಿರವಾಂಗಿ ದಾಟಿ ನೀರಾ ನದಿಯ ಸೇತುವೆಯನ್ನು ಹಾಯ್ದರೆ ಅಕಲೂಜ, ಸೋಲಾಪುರ ಜಿಲ್ಲೆ. ಇಲ್ಲಿ ಕನ್ನಡಿಗರಿಗೆ ಒಂದು ವಿಶೇಷ ಕವಲಿದೆ. ನೀರಾ, ಭೀಮಾ ಸಂಗಮದ ನರಸಿಂಹಪುರದ ಲಕ್ಷ್ಮೀನರಸಿಂಹ ಉತ್ತರ ಕರ್ನಾಟಕದ ಎಷ್ಟೋ ಮನೆತನಗಳ ಕುಲದೇವರು. ಅಕಲೂಜದಿಂದ ಅಲ್ಲಿಗೆ ಒಂದು ದಿನದ ನಡಿಗೆ. ಅಲ್ಲಿಂದ ಭೀಮೆಯ ತೀರದ ಹಳ್ಳಿಗಳನ್ನು ಹಿಡಿದು ಪಂಢರಪುರಕ್ಕೆ ಹೋಗಬಹುದು. ಎರಡು ದಿನ ಹೆಚ್ಚು ತಗಲುತ್ತದೆ, ಪಾಲಕಿಯ ದಾರಿ ತಪ್ಪುತ್ತದೆ, ಆದರೂ ಮುಂದಿನ ಹೆದ್ದಾರಿಯಿಂದ ಪಾರಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಕವಲನ್ನು ಹಿಡಿಯದವರು ಬೊಂಡಲೆ, ಭಂಡೀಶೇಗಾಂವ, ವಾಖರಿಗಳ ಮೂಲಕ ಹೋಗಬೇಕು. ಆಷಾಢದಲ್ಲಿ ಎಲ್ಲ ಪಾಲಕಿಗಳೂ ಒಂದಾಗುವ ವಾಖರಿಯ ಬಯಲು ಚಳಿಗಾಲದಲ್ಲಿ ಬರೀ ಬಯಲು. ಊರು ಇನ್ನು ಆರೇಳು ಕಿ.ಮೀ. ಮಾತ್ರ.

ಪಂಢರಪುರದಲ್ಲಿ ಮಂದಿರ ಸಮಿತಿಯ ಭಕ್ತನಿವಾಸವಿದೆ. ಕೋಣೆಯನ್ನು ಮುಂಚಿತವಾಗಿ ಕಾಯ್ದಿರಿಸುವುದು ಮೇಲು. ವಾರದ ನಡುವಿನ ದಿನ ತಲುಪಿದವರಿಗೆ ವಿಠ್ಠಲನ ಪಾದಕ್ಕೆ ತಲೆಯಿಟ್ಟು ನಮಸ್ಕರಿಸುವ ದರ್ಶನದ ಸಾಲು ಚಿಕ್ಕದಾಗಿರುತ್ತದೆ. ಯಾತ್ರೆಯ ದಿನಗಳಲ್ಲಿ ಇಡೀ ರಾತ್ರಿ ನಿಲ್ಲಬೇಕಾದ ಸಾಲು ಅದು. ಒಳಗೆ ಹೋಗುವ ಮುನ್ನ ಸಂತ ನಾಮದೇವರ ಮೆಟ್ಟಿಲು, ಅದರ ಎದುರಿನ ಸಂತ ಚೋಖಾಮೇಳರ ಸಮಾಧಿ ಇವೆರಡರ ಬಳಿ ಸ್ವಲ್ಪ ನಿಲ್ಲಬೇಕೆಂದು ನನ್ನ ಕೋರಿಕೆ. ಚೋಖಾಮೇಳರಂತೆ ಅಸ್ಪೃಶ್ಯರೆನಿಸಿಕೊಂಡ ಜಾತಿಯವರಿಗೆ ಈ ಬಾಗಿಲು ತೆರೆಯಲೆಂದು ಮರಾಠಿ ಲೇಖಕ, ಸ್ವಾತಂತ್ರ್ಯ ಹೋರಾಟಗಾರ ಸಾನೆ ಗುರೂಜಿಯವರು 1947ರ ಮೇ ತಿಂಗಳಲ್ಲಿ ಇದೇ ಊರಿನಲ್ಲಿ ಉಪವಾಸ ಕೂತರು. ಒಳಗಿನ ಕಂಬವೊಂದನ್ನು ಪುರಂದರದಾಸರ ಹೆಸರಿನಿಂದ ತೋರಿಸುತ್ತಾರೆ, ಅದರ ಕಥೆ ನಿಮಗೆಲ್ಲ ಗೊತ್ತು. ಹೊಯ್ಸಳ ಸೋಮೇಶ್ವರನು ಈ ದೇವರಿಗೆ ದತ್ತಿ ಬಿಟ್ಟ ಸಂಗತಿ 1237ರ ಶಾಸನದಲ್ಲಿದೆ. ಕನ್ನಡ ನಾಡಿಗೂ ಈ ಕ್ಷೇತ್ರಕ್ಕೂ ಇರುವ ನಂಟು ದಾಸರಿಗಿಂತಲೂ ಹಳೆಯದು ಎಂಬುದಕ್ಕೆ ಇದೊಂದು ಸಾಕ್ಷಿ.

ಮರಳುವ ಬಗೆಯನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಪಂಢರಪುರದ ರೈಲು ನಿಲ್ದಾಣ ಕುರ್ಡುವಾಡಿ, ಮಿರಜ ಮಾರ್ಗದಲ್ಲಿದೆ. ಪುಣೆಗೆ ಮರಳುವವರು ಕುರ್ಡುವಾಡಿಯಲ್ಲಿ ಸೋಲಾಪುರ, ಪುಣೆ ಮುಖ್ಯ ಮಾರ್ಗದ ಗಾಡಿ ಹಿಡಿಯಬಹುದು; ಊರಿಗೆ ಹೋಗಿಬರುವ ಮನಸ್ಸಿದ್ದವರಿಗೆ ಮಿರಜದಿಂದ ಬೆಳಗಾವಿ, ಹುಬ್ಬಳ್ಳಿಯ ಗಾಡಿಗಳಿವೆ. ಗಾಡಿಯ ಹೊತ್ತು ಹೊಂದದಿದ್ದರೆ ಎಸ್‌.ಟಿ. ಬಸ್ಸುಗಳು ದಿನವಿಡೀ ಇವೆ. ತಲುಪಿದ ದಿನವೇ ಹೊರಡುವಂತೆ ಟಿಕೆಟ್ ಮಾಡಿಸಬೇಡಿರಿ. ಒಂದು ದಿನದ ನಡಿಗೆ ಹಿಂದೆ ಬಿದ್ದರೂ ಟಿಕೆಟ್ ಕೈತಪ್ಪಬಾರದು.